ಜೌಗುಪಾತಿಯ ಶೋಧಕದ್ರವ್ಯಗಳು: ಕೊಪ್ಪಳ ಸೀಮೆಯನ್ನು ಲಕ್ಷಿಸಿ ಒಂದು ಚಾರಿತ್ರಿಕ ವಿವೇಚನೆ

೧. ವಿಷಯಪ್ರವೇಶ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯು ೧೯೯೭ನೆಯ ಇಸವಿಯಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಈಚೆಗೆ ಇವುಗಳಿಂದಲೇ ಕಾರಟಗಿ, ಕನಕಗಿರಿ, ಕುಕನೂರು ತಾಲ್ಲೂಕುಗಳು ಒಡೆದಿದ್ದರೂ ಈ ಲೇಖನದಲ್ಲಿ ಹಳೆಯ ನಾಲ್ಕು ಹೆಸರುಗಳನ್ನೇ ಬಳಸಿದೆ. ಈ ಸೀಮೆಯಲ್ಲಿ ನೀರಿನ ಸ್ಥಿತಿಯು ಎರಡು ಬಗೆಯಾಗಿರುವುದು ವಾಚಕರಿಗೆ ವಿದಿತವೇ ಇದೆ. ತುಂಗಭದ್ರೆಯ ಮಗ್ಗುಲಲ್ಲಿರುವ ಗಂಗಾವತಿಯು ಭತ್ತದ ನಾಡು. ಕುಷ್ಟಗಿ ಯಲಬುರ್ಗಾಗಳಾದರೋ ಮಳೆಯನ್ನೇ ನಂಬಿರುವ ಎರೆನೆಲ ಮಸಬುನೆಲಗಳ ನಾಡು. ಅಲ್ಲಿ ಮಳೆಯು ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರಿನಷ್ಟು ಮಾತ್ರ. ಕೊಳವೆಬಾವಿಗಳ ನೀರಿನಲ್ಲಿ ಅನೇಕ ಕಡೆ ಫ್ಲೋರೈಡು ಮಿತಿಮೀರಿದೆ. ಇಂಥ ನಾಡಿನಲ್ಲಿ ಒಂದು ಸಲ ಬಳಸಿದ ನೀರು ಚರಂಡಿಯ ಪಾಲಾಗಿ, ಹಳ್ಳವನ್ನೋ ಕೆರೆಯನ್ನೋ ಕೆಡಿಸಿ, ಕಡೆಗೆ ಯಾರ ಉಪಯೋಗಕ್ಕೂ ಬಾರದೆ ಹೋಗುವುದು ಎರಡು ಪಟ್ಟು ನಷ್ಟವೆಂದು ಹೇಳಬೇಕು.

ಈ ನಷ್ಟಕ್ಕೆ ಪರಿಹಾರವಾಗಿ ಇತ್ತೀಚೆಗೆ ಹೇಳಲ್ಪಡುವ ಉಪಾಯಗಳಲ್ಲಿ ಕೃತಕ ಜೌಗುಪಾತಿಯು ಒಂದು. ನೀರು ಇಂಗದಂತೆ ತಳವನ್ನು ಕಟ್ಟಿದ ಒಂದು ತಗ್ಗಿನಲ್ಲಿ ಜಲ್ಲಿಯನ್ನಾಗಲಿ ಮರಳನ್ನಾಗಲಿ ತುಂಬಿ, ಅದರಲ್ಲಿ ಜೊಂಡು, ಆಪು, ಕಾಬಾಳೆ ಮುಂತಾದ ಜಲಸಸ್ಯಗಳನ್ನು ನೆಟ್ಟು, ಮೊದಲೇ ಗಸಿ ತಂಗಿಸಿದ ಮಲಿನಜಲವನ್ನು ಅದರ ಮೂಲಕ ಮೆಲ್ಲನೆ ಹರಿಯಿಸುವುದೇ ಇದರ ವಿಧಾನ. ೨೦೨೦ರಲ್ಲಿ ಆರಂಭವಾದ ಗ್ರಾಮೀಣ ಸ್ವಚ್ಛ ಭಾರತ ಯೋಜನೆಯ ಎರಡನೆಯ ಹಂತದಲ್ಲಿ ಬಚ್ಚಲನೀರಿನ ವಿಲೇವಾರಿಗೂ ಸ್ಥಾನ ದೊರೆತುದರಿಂದ ಈ ವಿಷಯವು ಗ್ರಾಮಪಂಚಾಯತಿಗಳ ಮುಂದೆಯೂ ಬಂದಿದೆ. ಆದರೆ ಪಾತಿಯಲ್ಲಿ ತುಂಬತಕ್ಕ ದ್ರವ್ಯ ಯಾವುದು, ಅದರ ಆಯುಷ್ಯವೆಷ್ಟು ಎಂಬ ಪ್ರಶ್ನೆಯನ್ನು ಕಂತ್ರಾಟುದಾರನ ಇಚ್ಛೆಗೆ ಬಿಡುವುದು ಸುಲಭ. ಹಾಗೆ ಬಿಡಲಾಗದೆಂಬುದನ್ನು ಈ ದ್ರವ್ಯಗಳ ಚರಿತ್ರೆಯಿಂದ ತೋರಿಸುವುದೇ ಈ ಲೇಖನದ ಉದ್ದೇಶ.

೨. ಪ್ರಾಚೀನ ಗ್ರಂಥಗಳ ಸಾಕ್ಷ್ಯ

ನೀರನ್ನು ತಿಳಿಗೊಳಿಸುವ ವಿದ್ಯೆಯು ನಮ್ಮಲ್ಲಿ ಹೊಸದಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಕದಡಿದ ನೀರನ್ನು ತಿಳಿಮಾಡುವ ಏಳು ವಸ್ತುಗಳನ್ನು ಎಣಿಸಿದೆ. ಅವುಗಳಲ್ಲಿ ಕತಕವೆಂಬ ಬೀಜವೂ, ತಾವರೆಯ ಗೆಡ್ಡೆಯೂ, ನೀರಪಾಚಿಯ ಬೇರೂ, ಬಟ್ಟೆಯೂ ಸೇರಿವೆ. ಕತಕವೆಂದರೆ ಕನ್ನಡದಲ್ಲಿ ಚಿಲ್ಲದ ಬೀಜ. ಇದನ್ನು ಕೊಡದ ಒಳಮೈಗೆ ತೇಯ್ದು ನೀರನ್ನು ತಿಳಿಮಾಡುವ ವಾಡಿಕೆಯು ಹಳ್ಳಿಗಳಲ್ಲಿ ಬಹುಕಾಲ ಉಳಿದಿದ್ದಿತು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಳಾಧ್ಯಾಯದಲ್ಲಿ ಕಹಿಯೂ ಕಲುಷವೂ ಆದ ಬಾವಿಯ ನೀರಿಗೆ ಅಂಜನ, ಮುಸ್ತಾ, ಉಶೀರ, ನೆಲ್ಲಿ ಮುಂತಾದುವುಗಳನ್ನು ಕತಕದೊಡನೆ ಸೇರಿಸಿ ಹಾಕುವಂತೆ ವಿಧಿಸುತ್ತಾನೆ. ನಮ್ಮ ಕನ್ನಡದಲ್ಲಿಯೇ, ಹನ್ನೊಂದನೆಯ ಶತಮಾನದ ಮೊದಲಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಭೂಗತಜಲದ ವಿಷಯವನ್ನು ನಿರೂಪಿಸಿರುವನು.

ಮೇಲೆ ಹೇಳಿದ ಮುಸ್ತಾ ಎಂದರೆ ಕೊನ್ನಾರಿಗೆಡ್ಡೆ, ಉಶೀರವೆಂದರೆ ಲಾವಂಚ. ಲಾವಂಚವನ್ನೂ ಕೊನ್ನಾರಿಯ ಕುಲಕ್ಕೆ ಸೇರಿದ ಜೇಕುಗಳನ್ನೂ ಇಂದು ಜೌಗುಪಾತಿಗಳಲ್ಲಿ ನೆಡುತ್ತಿರುವುದನ್ನು ಕಂಡು, ಜೌಗುಪಾತಿಯೂ ಪ್ರಾಚೀನರ ನಿರ್ಮಾಣವೇ ಎಂದು ಸಾಧಿಸಲು ಕೆಲವರಿಗೆ ಮನಸ್ಸಾಗಬಹುದು. ಅದು ಸರಿಯಲ್ಲ. ಆ ಗ್ರಂಥಕಾರರು ಹೇಳುವುದು ಕುಡಿಯುವ ನೀರಿನ ಸಂಸ್ಕಾರವನ್ನು. ಬಚ್ಚಲನೀರಿನ ವಿಚಾರವು ಅಲ್ಲಿಲ್ಲ. ಅವರು ಬೇರು ಬೀಜಗಳನ್ನು ಔಷಧದಂತೆ ನೀರಿಗೆ ಹಾಕಿದರು. ಜೌಗುಪಾತಿಯಲ್ಲಿಯಾದರೆ ಬೇರು ಬದುಕಿರುತ್ತದೆ, ನೀರೇ ಅದನ್ನು ಹಾದುಹೋಗುತ್ತದೆ. ಇವೆರಡಕ್ಕೂ ಸಂಬಂಧವನ್ನು ಕಲ್ಪಿಸಬೇಕಾದರೆ ಅದನ್ನು ಗ್ರಂಥದಲ್ಲಲ್ಲ, ಮನೆಯ ಹಿತ್ತಿಲಲ್ಲಿ ಹುಡುಕಬೇಕು. ಬಚ್ಚಲಿನ ನೀರನ್ನು ಬಾಳೆಗೂ ಕೆಸುವಿಗೂ ಬಿಟ್ಟು, ಅದು ಮಣ್ಣಿನಲ್ಲಿ ಇಂಗಿ ನಾತವಿಲ್ಲದೆ ಮುಗಿಯುವಂತೆ ಮಾಡುತ್ತಿದ್ದ ಗೃಹಿಣಿಯರು ಈ ತತ್ವವನ್ನು ಅನುಭವದಿಂದ ಬಲ್ಲವರಾಗಿದ್ದರು. ಆದರೆ ಅಲ್ಲಿ ನೀರು ಕೆಲವು ಕೊಡಗಳಷ್ಟು ಮಾತ್ರ. ಊರಿನ ನೀರೆಲ್ಲ ಒಂದೆಡೆ ಸೇರಿದಾಗ ಮಣ್ಣು ಸಾಲದೆ ಬರುತ್ತದೆ; ದ್ರವ್ಯದ ಪ್ರಶ್ನೆಯು ಹುಟ್ಟುವುದೇ ಅಲ್ಲಿ.

೩. ಮರಳಿನ ಪಾಠ

ಈ ಪ್ರಶ್ನೆಯನ್ನು ಮೊದಲು ಅಳತೆಗೆ ತಂದವರು ಪಾಶ್ಚಾತ್ಯರು. ಅವರೂ ಆರಂಭಿಸಿದ್ದು ಕುಡಿಯುವ ನೀರಿನಿಂದಲೇ. ೧೮೦೪ರಲ್ಲಿ ಸ್ಕಾಟ್‌ಲೆಂಡಿನ ಪೇಸ್ಲಿ ಎಂಬ ಊರಿನಲ್ಲಿ ಜಾನ್ ಗಿಬ್ ಎಂಬುವನು ತನ್ನ ಬಟ್ಟೆ ಬಿಳುಪಿಸುವ ಕಾರ್ಖಾನೆಗಾಗಿ ನೀರನ್ನು ಮರಳಿನಲ್ಲಿ ಸೋಸಿ, ಮಿಕ್ಕುದನ್ನು ಊರವರಿಗೆ ಮಾರಿದನು. ೧೮೨೯ರಲ್ಲಿ ಜೇಮ್ಸ್ ಸಿಂಪ್ಸನ್ನನು ಲಂಡನ್ನಿನ ಚೆಲ್ಸೀ ಜಲಸಂಸ್ಥೆಗೆ ದೊಡ್ಡ ಮರಳುಪಾತಿಗಳನ್ನು ಕಟ್ಟಿದನು. ಮರಳು ಕಸವನ್ನು ತಡೆಯುವ ಜರಡಿಯೆಂದೇ ಆಗ ಎಲ್ಲರೂ ತಿಳಿದಿದ್ದರು. ಅದು ಜರಡಿಗಿಂತ ಹೆಚ್ಚಿನದೆಂಬುದಕ್ಕೆ ೧೮೯೨ರ ಕಾಲರಾ ಭಯಂಕರವಾದ ಪ್ರಮಾಣವನ್ನೊದಗಿಸಿತು. ಜರ್ಮನಿಯ ಎಲ್ಬೆ ನದಿಯ ದಂಡೆಯ ಮೇಲಿನ ಹ್ಯಾಂಬರ್ಗ್ ನಗರವು ಹೊಳೆಯ ನೀರನ್ನು ಸೋಸದೆಯೇ ಹಂಚುತ್ತಿದ್ದಿತು; ಅಲ್ಲಿ ಸುಮಾರು ೮,೬೦೦ ಜನರು ಸತ್ತರು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೋನಾ ಪಟ್ಟಣವು ಹ್ಯಾಂಬರ್ಗಿನ ಕೊಳಚೆ ಬೆರೆತ ಕೆಳಗಿನ ನೀರನ್ನೇ ತೆಗೆದುಕೊಳ್ಳುತ್ತಿದ್ದರೂ, ಮರಳಿನಲ್ಲಿ ಸೋಸಿದುದರಿಂದ ಬಹುಮಟ್ಟಿಗೆ ಉಳಿಯಿತು. ಮರಳಿನ ಕಣಗಳ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳ ಲೋಳೆಯೇ ಇದರ ರಹಸ್ಯ.

ಕೊಳಚೆನೀರಿನ ವಿಷಯದಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಫ್ರಾಂಕ್ಲಂಡನು ೧೮೭೦ರ ಸುಮಾರಿಗೆ ನಡೆಸಿದ ಪ್ರಯೋಗಗಳು ಮುಖ್ಯವಾದುವು. ಮಲಿನಜಲವನ್ನು ಮಣ್ಣಿನ ಮೇಲೆ ಎಡೆಬಿಡದೆ ಸುರಿದರೆ ಅದು ಬೇಗ ಕೆಡುವುದೆಂದೂ, ಬಿಟ್ಟುಬಿಟ್ಟು ಸುರಿದು ನಡುವೆ ಗಾಳಿಯಾಡಲು ಅವಕಾಶವಿತ್ತರೆ ಅದು ಬಹುಕಾಲ ಕೆಲಸ ಮಾಡುವುದೆಂದೂ ಆತನು ಕಂಡನು. ೧೮೮೭ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಲಾರೆನ್ಸ್ ಎಂಬಲ್ಲಿ ಸ್ಥಾಪಿತವಾದ ಪ್ರಯೋಗಶಾಲೆಯು ಇದನ್ನು ಅನೇಕ ಬಗೆಯ ಮರಳುಗಳಲ್ಲಿ ಪರೀಕ್ಷಿಸಿತು. ಅಲ್ಲಿಯ ಆಲೆನ್ ಹೇಜನ್ನನು ೧೮೯೨ರಲ್ಲಿ ಮರಳಿಗೆ ಎರಡು ಅಳತೆಗಳನ್ನು ನಿಯಮಿಸಿದನು. ತೂಕದಲ್ಲಿ ನೂರಕ್ಕೆ ಹತ್ತು ಪಾಲು ಯಾವ ಗಾತ್ರಕ್ಕಿಂತ ಸಣ್ಣದಾಗಿರುವುದೋ ಅದು ಆ ಮರಳಿನ ಕಾರ್ಯಕಾರಿ ಗಾತ್ರ. ನೂರಕ್ಕೆ ಅರವತ್ತು ಪಾಲು ಯಾವ ಗಾತ್ರಕ್ಕಿಂತ ಸಣ್ಣದೋ ಅದನ್ನು ಮೊದಲಿನದರಿಂದ ಭಾಗಿಸಿದರೆ ಬರುವುದು ಸಮತೆಯ ಗುಣಕ. ಸಣ್ಣ ದಪ್ಪ ಕಣಗಳು ಬೆರೆತಷ್ಟೂ ಈ ಗುಣಕವು ಏರುತ್ತದೆ. ದಪ್ಪ ಕಣಗಳ ಸಂದಿನಲ್ಲಿ ಸಣ್ಣವು ಕುಳಿತು ನೀರಿನ ದಾರಿಯು ಮುಚ್ಚುತ್ತದೆ. ಕಲ್ಲಿನ ಜಾತಿಗಿಂತ ಅದರ ಗಾತ್ರ ಮತ್ತು ಸಮತೆಗಳೇ ಮೊದಲು ವಿಚಾರಾರ್ಹವೆಂಬುದು ಅಂದಿನಿಂದ ಸಿದ್ಧವಾಯಿತು.

೪. ಜರ್ಮನಿಯ ವಿವಾದ

ಈ ಪಾತಿಗಳಿಗೆ ಸಸ್ಯವನ್ನು ತಂದ ಕೀರ್ತಿಯು ಜರ್ಮನಿಯ ಪ್ಲೋನ್ ಎಂಬಲ್ಲಿಯ ಮಾಕ್ಸ್ ಪ್ಲಾಂಕ್ ಸಂಸ್ಥೆಯ ವಿದುಷಿ ಕೇಟೆ ಜೈಡೆಲ್ ಅವರಿಗೆ ಸಲ್ಲತಕ್ಕದ್ದು. ೧೯೫೦ರ ದಶಕದ ಆರಂಭದಿಂದ ಅವರು ಆಪಿನ ಜಾತಿಯ ಸಸ್ಯಗಳನ್ನು ಜಲ್ಲಿಯಲ್ಲಿ ಬೆಳೆಸಿ ಮಲಿನಜಲವನ್ನು ಹರಿಯಿಸಿ ನೋಡಿದರು. ತರುವಾಯ ಗಟಿಂಗೆನ್ನಿನ ರೈನ್‌ಹೋಲ್ಡ್ ಕಿಕುತ್ ಎಂಬ ವಿದ್ವಾಂಸರು ಬೇರೊಂದು ಪಕ್ಷವನ್ನು ಹಿಡಿದರು. ಅವರು ಜಲ್ಲಿಯನ್ನು ಬಿಟ್ಟು ಜೇಡಿ ಬೆರೆತ ಮಣ್ಣನ್ನೇ ತುಂಬಿದರು. ಮಣ್ಣಿನಲ್ಲಿರುವ ಕಬ್ಬಿಣ, ಅಲ್ಯುಮಿನಿಯಂ, ಸುಣ್ಣಗಳು ರಂಜಕವನ್ನು ಹಿಡಿದಿಡುವುವು. ಮಣ್ಣು ಬಿಗಿಯಾಗಿದ್ದರೂ ಕೆಲವು ವರ್ಷಗಳಲ್ಲಿ ಬೇರುಗಳು ಅದನ್ನು ಕೊರೆದು ನೀರಿಗೆ ದಾರಿಮಾಡುವುವು — ಇದು ಅವರ ಸಿದ್ಧಾಂತ. ೧೯೭೪ರಲ್ಲಿ ಓತ್‌ಫ್ರೆಸೆನ್ ಎಂಬ ಊರಿನಲ್ಲಿ ಇಂಥ ದೊಡ್ಡ ಪಾತಿಯು ಆರಂಭವಾಯಿತು.

ಸಿದ್ಧಾಂತದ ಮೊದಲರ್ಧವು ನಿಜವಾಯಿತು, ಎರಡನೆಯದು ಆಗಲಿಲ್ಲ. ೧೯೮೦ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಇಂಥ ಮಣ್ಣಿನ ಪಾತಿಗಳನ್ನು ಅನೇಕವಾಗಿ ಕಟ್ಟಿದರು. ಬೇರುಗಳು ಬೆಳೆದುವು, ಆದರೆ ನಿರೀಕ್ಷಿಸಿದ ದಾರಿಯು ತೆರೆಯಲಿಲ್ಲ. ನೀರು ಮಣ್ಣಿನೊಳಕ್ಕೆ ಇಳಿಯದೆ ಮೇಲೆಯೇ ಹರಿದುಹೋಯಿತು. ೧೯೮೫ರಲ್ಲಿ ಜರ್ಮನಿಗೆ ಹೋಗಿ ನೋಡಿಬಂದ ಇಂಗ್ಲೆಂಡಿನ ಎಂಜಿನಿಯರುಗಳು ಮಣ್ಣನ್ನು ಬಿಟ್ಟು ತೊಳೆದ ಜಲ್ಲಿಯ ಕಡೆಗೆ ತಿರುಗಿದರು. ೧೯೯೦ರ ಯೂರೋಪಿನ ಮಾರ್ಗದರ್ಶಿಯೂ ಅದನ್ನೇ ಅನುಮೋದಿಸಿತು. ಜಲ್ಲಿಯಲ್ಲಿಯೂ ದೋಷವಿಲ್ಲದಿಲ್ಲ. ಅದರಲ್ಲಿ ನೀರು ಸರಾಗವಾಗಿ ಹರಿಯುತ್ತದೆ. ಆದರೆ ರಂಜಕವು ಬಹುಮಟ್ಟಿಗೆ ಹಾಗೆಯೇ ಹೊರಬೀಳುತ್ತದೆ. ನೀರು ಒಳಗೆ ಬರುವ ಬಾಯಲ್ಲಿ ಗಸಿಯು ಕಟ್ಟುತ್ತದೆ. ಅಡ್ಡಹರಿವಿನ ಪಾತಿಯಲ್ಲಿ ಗಾಳಿ ಸಾಲದೆ ಅಮೋನಿಯಾ ಕರಗದು. ಇದಕ್ಕಾಗಿ ಮೇಲಿನಿಂದ ಬಿಟ್ಟುಬಿಟ್ಟು ನೀರುಣಿಸುವ ಮರಳಿನ ಪಾತಿಗಳು ಮತ್ತೆ ಬಳಕೆಗೆ ಬಂದುವು. ಇದು ಫ್ರಾಂಕ್ಲಂಡನ ಹಳೆಯ ಪಾಠವೇ.

ಹೀಗೆ ಮೂವತ್ತು ನಲವತ್ತು ವರ್ಷಗಳ ವಿವಾದದಿಂದ ತಿಳಿದುಬಂದುದೇನೆಂದರೆ, ನೀರನ್ನು ಚೆನ್ನಾಗಿ ಬಿಡುವ ದ್ರವ್ಯವು ಕಲ್ಮಷವನ್ನು ಕಡಿಮೆ ಹಿಡಿಯುತ್ತದೆ. ಕಲ್ಮಷವನ್ನು ಚೆನ್ನಾಗಿ ಹಿಡಿಯುವ ದ್ರವ್ಯವು ಬೇಗ ಮುಚ್ಚಿಕೊಳ್ಳುತ್ತದೆ ಅಥವಾ ಬೇಗ ತೀರಿಹೋಗುತ್ತದೆ. ಎರಡೂ ಗುಣಗಳು ಪೂರ್ಣವಾಗಿರುವ ದ್ರವ್ಯವಿಲ್ಲ.

೫. ನಮ್ಮ ದೇಶದ ಪಾತಿಗಳು

ಭಾರತದಲ್ಲಿ ಈ ಪದ್ಧತಿಯ ಮೊದಮೊದಲ ನಿರ್ಮಾಣಗಳಲ್ಲೊಂದು ೧೯೯೦ರ ದಶಕದಲ್ಲಿ ಭುವನೇಶ್ವರದ ಸೈನಿಕ ಶಾಲೆಯಲ್ಲಿ ಆಯಿತು. ಅದೇ ದಶಕದಲ್ಲಿ ಉಜ್ಜಯಿನಿಯಲ್ಲಿಯೂ ಜಲ್ಲಿಯ ಪಾತಿಯೊಂದನ್ನು ಕಟ್ಟಿ ಪರೀಕ್ಷಿಸಿದರು. ಮುಂದೆ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನ ಸಂಸ್ಥೆಯು ‘ಫೈಟೊರಿಡ್’ ಎಂಬ ಹೆಸರಿನ ವಿಧಾನವನ್ನು ರೂಪಿಸಿತು. ಕರ್ನಾಟಕದಲ್ಲಿ ಎರಡು ಉದಾಹರಣೆಗಳು ಗಮನಾರ್ಹವಾಗಿವೆ. ಬೆಂಗಳೂರಿನ ಜಕ್ಕೂರು ಕೆರೆಗೆ ಶುದ್ಧೀಕರಣ ಘಟಕದಿಂದ ಬರುವ ನೀರು ಮೊದಲು ಜೊಂಡಿನ ಜೌಗನ್ನು ಹಾದು ಕೆರೆಯನ್ನು ಸೇರುತ್ತದೆ. ಅಲ್ಲಿ ಜಲ್ಲಿಯ ಪ್ರಸಂಗವಿಲ್ಲ, ನೀರು ಸಸ್ಯಗಳ ನಡುವೆ ಬಯಲಾಗಿಯೇ ಹರಿಯುತ್ತದೆ. ಇದಕ್ಕೆ ವಿಸ್ತಾರವಾದ ಸ್ಥಳ ಬೇಕು. ೨೦೧೫ರಲ್ಲಿ ದೇವನಹಳ್ಳಿಯಲ್ಲಿ ಆರಂಭವಾದ ಶೌಚಗುಂಡಿಗಳ ಗಸಿಯ ಸಂಸ್ಕರಣ ಘಟಕವಾದರೋ ಸಸ್ಯ ನೆಟ್ಟ ಜಲ್ಲಿಯ ಪಾತಿಯನ್ನು ಒಳಗೊಂಡಿದೆ. ಆದರೆ ಅಲ್ಲಿ ಗಸಿಯನ್ನು ಬೇರ್ಪಡಿಸಿ ಒಣಗಿಸುವ ಹಂತಗಳೆಲ್ಲ ಕಳೆದ ಮೇಲೆ ಉಳಿದ ನೀರು ಮಾತ್ರ ಜಲ್ಲಿಗೆ ಬರುತ್ತದೆ. ಜಲ್ಲಿಯನ್ನು ಕಡೆಯ ಕೆಲಸಕ್ಕೆ ಇರಿಸಿ ಮೊದಲ ಹೊರೆಯನ್ನು ಅದರ ಮೇಲೆ ಹೇರದಿರುವ ಈ ಕ್ರಮವು ಅನುಸರಣೀಯ.

೬. ಈ ಸೀಮೆಯ ದ್ರವ್ಯಗಳು

ಇನ್ನು ನಾಲ್ಕು ತಾಲ್ಲೂಕುಗಳಲ್ಲಿ ದೊರೆಯುವ ದ್ರವ್ಯಗಳನ್ನು ಮೇಲಿನ ಚರಿತ್ರೆಯ ಬೆಳಕಿನಲ್ಲಿ ವಿಚಾರಿಸೋಣ.

ಮೊದಲನೆಯದು ಕರಿಗಲ್ಲಿನ ಜಲ್ಲಿ. ಗವಿಮಠದ ಬಂಡೆಯಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳನ್ನು ಇಪ್ಪತ್ತೆರಡು ಶತಮಾನಗಳಿಗೂ ಮೀರಿ ಉಳಿಸಿಕೊಂಡಿರುವ ಈ ಸೀಮೆಯ ಗ್ರಾನೈಟು ನೀರಿನಲ್ಲಿ ಕರಗದು, ಸವೆಯದು. ಕುಷ್ಟಗಿಯ ಕಡೆ ಕಲ್ಲಿನ ಗಣಿಗಳಿಗೆ ಕೊರತೆಯಿಲ್ಲ. ಪಾತಿಯ ಆಳ ಸುಮಾರು ೬೦ ಸೆಂಟಿಮೀಟರು, ನಡುವೆ ೧೦ರಿಂದ ೨೦ ಮಿಲಿಮೀಟರಿನ ಜಲ್ಲಿ, ನೀರು ಬರುವ ಮತ್ತು ಹೋಗುವ ತುದಿಗಳಲ್ಲಿ ೪೦ರಿಂದ ೮೦ ಮಿಲಿಮೀಟರಿನ ಕಲ್ಲು — ಇದು ರೂಢಿಯಲ್ಲಿರುವ ಕ್ರಮ. ಜಲ್ಲಿಯನ್ನು ತೊಳೆದೇ ಹಾಕಬೇಕು. ಯಂತ್ರದಲ್ಲಿ ಒಡೆದ ಕಲ್ಲಿನ ಪುಡಿಯು ಪಾತಿಯ ತಳದಲ್ಲಿ ಕುಳಿತರೆ ಮೊದಲ ವರ್ಷವೇ ಅದರ ಬಾಯಿ ಕಟ್ಟುತ್ತದೆ. ಒಂದು ಹಿಡಿ ಜಲ್ಲಿಯನ್ನು ಗಾಜಿನ ಲೋಟದ ನೀರಿನಲ್ಲಿ ಅಲ್ಲಾಡಿಸಿದಾಗ ನೀರು ಕದಡಿದರೆ ಅದು ಸ್ವೀಕಾರಯೋಗ್ಯವಲ್ಲವೆಂದು ಪಂಚಾಯತಿಯ ಸದಸ್ಯರು ತಾವೇ ನಿರ್ಣಯಿಸಬಹುದು.

ಎರಡನೆಯದು ಮರಳು. ಮೇಲಿನಿಂದ ನೀರುಣಿಸುವ ಪಾತಿಗೆ ೦.೨ರಿಂದ ೦.೪ ಮಿಲಿಮೀಟರು ಕಾರ್ಯಕಾರಿ ಗಾತ್ರದ ಮರಳು ತಕ್ಕುದು. ನದಿಯ ಮರಳನ್ನು ತೆಗೆದಷ್ಟೂ ನದಿಯೇ ತನ್ನ ಸಹಜವಾದ ಶೋಧಕವನ್ನು ಕಳೆದುಕೊಳ್ಳುತ್ತದೆ. ನೀರನ್ನು ಸೋಸಲೆಂದು ಹೊಳೆಯನ್ನು ಬರಿದು ಮಾಡುವುದು ವಿವೇಕವಲ್ಲ. ಕಲ್ಲನ್ನು ಅರೆದು ಮಾಡಿದ ಮರಳನ್ನು ಜರಡಿಹಿಡಿದು ತೊಳೆದು ಬಳಸಬಹುದು.

ಮೂರನೆಯದು ಎರೆಮಣ್ಣು. ಕಿಕುತ್ತರ ಅನುಭವವು ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಯಲಬುರ್ಗಾ ಕುಷ್ಟಗಿಗಳ ಎರೆಯು ತೊಯ್ದಾಗ ಉಬ್ಬಿ ಬಿಗಿಯುತ್ತದೆ, ಒಣಗಿದಾಗ ಬಿರಿಯುತ್ತದೆ. ಇದನ್ನು ಶೋಧಕವಾಗಿ ತುಂಬಿದರೆ ನೀರು ಮೇಲೆ ಹರಿಯುವುದು ನಿಶ್ಚಯ. ಸದಾ ತೇವವಿರುವ ತಳಕ್ಕೆ ಇದು ಒದಗಬಹುದು. ಪಾತಿಯು ಒಂದು ಬೇಸಗೆ ಒಣಗಿತೆಂದರೆ ತಳವೂ ಬಿರಿಯುವುದೆಂಬುದನ್ನು ಮರೆಯಬಾರದು.

ನಾಲ್ಕನೆಯದು ಇಟ್ಟಿಗೆ ಹೆಂಚುಗಳ ಚೂರು. ಇದರ ಮೈಯಲ್ಲಿ ಸೂಕ್ಷ್ಮರಂಧ್ರಗಳಿರುವುದರಿಂದ ಜೀವಿಗಳ ಲೋಳೆಗೆ ಹೆಚ್ಚು ಆಶ್ರಯ ದೊರೆಯುತ್ತದೆ. ಕಬ್ಬಿಣ ಅಲ್ಯುಮಿನಿಯಂಗಳ ಅಂಶವಿರುವುದರಿಂದ ರಂಜಕವೂ ಸ್ವಲ್ಪ ಹಿಡಿಯುತ್ತದೆ. ಅರೆಬೆಂದ ಇಟ್ಟಿಗೆಯಾದರೆ ನೀರಿನಲ್ಲಿ ಕರಗಿ ಕೆಸರಾಗುತ್ತದೆ. ಐದನೆಯದು ಇದ್ದಿಲು. ಗಂಗಾವತಿಯ ಅಕ್ಕಿಯ ಗಿರಣಿಗಳಲ್ಲಿ ಭತ್ತದ ಹೊಟ್ಟು ಹೇರಳವಾಗಿದೆ. ಗಾಳಿಯಾಡದಂತೆ ಸುಟ್ಟ ಹೊಟ್ಟಿನ ಇದ್ದಿಲು ಬಣ್ಣವನ್ನೂ ನಾತವನ್ನೂ ಹೀರುತ್ತದೆ. ಆದರೆ ಅದು ಹಗುರ, ತೇಲುವ ಸ್ವಭಾವದ್ದು. ಜಲ್ಲಿಯ ಪದರಗಳ ನಡುವೆ ಬಂಧಿಸಿಡಬೇಕು. ಬಿಳಿಯಾಗುವವರೆಗೆ ಸುಟ್ಟ ಬೂದಿಯನ್ನು ಹಾಕಿದರೆ ಪಾತಿಯು ಮುಚ್ಚಿಕೊಳ್ಳುತ್ತದೆ.

ಆರನೆಯದು ಗಿಣಿಗೇರಿ ಸೀಮೆಯ ಕಬ್ಬಿಣ ಉಕ್ಕಿನ ಕಾರ್ಖಾನೆಗಳ ಕಿಟ್ಟ. ಇದರಲ್ಲಿ ಸುಣ್ಣದ ಅಂಶವಿರುವುದರಿಂದ ರಂಜಕವನ್ನು ಹಿಡಿಯುವ ಶಕ್ತಿಯು ಜಲ್ಲಿಗಿಂತ ಬಹಳ ಹೆಚ್ಚೆಂದು ಅನೇಕ ದೇಶಗಳ ಪರೀಕ್ಷೆಗಳಿಂದ ಸಿದ್ಧವಾಗಿದೆ. ಇದರಿಂದ ಹೊರಬರುವ ನೀರು ಮೊದಲಲ್ಲಿ ತೀಕ್ಷ್ಣಕ್ಷಾರವಾಗಿರುತ್ತದೆ. ಭಾರಲೋಹಗಳ ಅಂಶವನ್ನು ಪರೀಕ್ಷಿಸದೆ ಬಳಸಕೂಡದು. ಕೆಲವು ವರ್ಷಗಳಲ್ಲಿ ಇದರ ಶಕ್ತಿಯು ತೀರುತ್ತದೆ. ಆದುದರಿಂದ ಸಸ್ಯಗಳಿರುವ ಪಾತಿಯಲ್ಲಿ ಇದನ್ನು ಬೆರೆಸದೆ, ಕಡೆಯಲ್ಲಿ ಬದಲಾಯಿಸಲು ಬರುವ ಸಣ್ಣ ತೊಟ್ಟಿಯಲ್ಲಿ ಪ್ರತ್ಯೇಕವಾಗಿ ಇಡುವುದು ಯುಕ್ತ. ಇಷ್ಟೆಲ್ಲ ಮಾಡಿದರೂ ಈ ಪಾತಿಗಳ ನೀರು ತೋಟಕ್ಕೆ ಯೋಗ್ಯವಾಗುವುದೇ ಹೊರತು ಕುಡಿಯಲು ಅಲ್ಲ. ಫ್ಲೋರೈಡನ್ನು ಜಲ್ಲಿ ಮರಳುಗಳು ತೆಗೆಯಲಾರವು.

೭. ಆರೈಕೆಯ ಪ್ರಶ್ನೆ

ದ್ರವ್ಯದ ಆಯುಷ್ಯವನ್ನು ಒಂದು ಲೆಕ್ಕದಿಂದ ವಿಶದಪಡಿಸಬಹುದು. ೨೦೦ ಜನರಿರುವ ಒಂದು ಕೇರಿಯಲ್ಲಿ ತಲೆಗೆ ೪೦ ಲೀಟರಿನಂತೆ ಬಚ್ಚಲನೀರು ಬರುವುದೆಂದು ಇಟ್ಟುಕೊಳ್ಳೋಣ. ದಿನಕ್ಕೆ ೮,೦೦೦ ಲೀಟರಾಯಿತು. ೧೦೦ ಚದರ ಮೀಟರು ವಿಸ್ತಾರ, ೬೦ ಸೆಂಟಿಮೀಟರು ಆಳದ ಪಾತಿಯಲ್ಲಿ ಜಲ್ಲಿಯ ಸಂದುಗಳು ನೂರಕ್ಕೆ ೪೦ ಪಾಲಿದ್ದರೆ ಅದರಲ್ಲಿ ಹಿಡಿಯುವ ನೀರು ೨೪,೦೦೦ ಲೀಟರು. ಎಂದರೆ ನೀರು ಮೂರು ದಿನ ಒಳಗೆ ತಂಗುತ್ತದೆ. ಗಸಿಯು ತುಂಬಿ ಸಂದುಗಳು ಅರ್ಧವಾದರೆ ತಂಗುವ ಕಾಲವು ಒಂದೂವರೆ ದಿನಕ್ಕೆ ಇಳಿಯುತ್ತದೆ. ಮೇಲೆ ಗಿಡಗಳು ಹಸುರಾಗಿಯೇ ಇರುತ್ತವೆ. ನೋಡುವವರಿಗೆ ಏನೂ ಕೆಟ್ಟಂತೆ ತೋರದು. ಪಾತಿಯು ಸಾಯುವುದು ಹೀಗೆ, ಕಣ್ಣಿಗೆ ಬೀಳದಂತೆ. ಇದಕ್ಕೆ ಮದ್ದು ಎಂದರೆ ಮುಂದಿನ ಗಸಿಗುಂಡಿಯನ್ನು ಕಾಲಕಾಲಕ್ಕೆ ಬರಿದುಮಾಡುವುದು, ಬಾಯಿಯ ಕಡೆಯ ಕಲ್ಲನ್ನು ತೆಗೆದು ತೊಳೆದು ಹಾಕುವುದು, ಬೆಳೆದ ಜೊಂಡನ್ನು ಕೊಯ್ಯುವುದು, ಪಾತಿಗಳು ಎರಡಿದ್ದು ಒಂದಕ್ಕೊಂದು ವಿಶ್ರಾಂತಿ ಕೊಡುವುದು.

ಇಲ್ಲಿಯೇ ಈ ಸೀಮೆಯ ಪೂರ್ವಚರಿತ್ರೆಯಿಂದ ನಾವು ನಿಜವಾಗಿ ಕಲಿಯತಕ್ಕದ್ದಿರುವುದು. ಕನ್ನಡ ನಾಡಿನ ಶಾಸನಗಳಲ್ಲಿ ಕೆರೆಯನ್ನು ಕಟ್ಟಿಸಿದವರ ಹೆಸರಿನಷ್ಟೇ ಅದರ ರಕ್ಷಣೆಗೆಂದು ಬಿಟ್ಟ ಭೂಮಿಯ ವಿವರವೂ ಇರುತ್ತದೆ. ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಇದಕ್ಕೆ ಸಾಕ್ಷಿ. ಹೂಳನ್ನು ಹೊರುವ ಬಂಡಿಗೂ ಕೋಣಗಳಿಗೂ ದತ್ತಿ ಬಿಟ್ಟ ಶಾಸನಗಳಿವೆ. ವಿಜಯನಗರದ ಕಾಲದ ಆನೆಗುಂದಿಯ ಕಾಲುವೆ, ಮೇಲಿನ ಮತ್ತು ಕೆಳಗಿನ ಗಂಗಾವತಿ ಕಾಲುವೆಗಳು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿರುವುದು ಅವುಗಳ ಕಲ್ಲಿನ ಬಲದಿಂದ ಮಾತ್ರವಲ್ಲ. ವರ್ಷದಲ್ಲಿ ಕೆಲವು ಕಾಲ ನೀರನ್ನು ನಿಲ್ಲಿಸಿ ಹೂಳೆತ್ತಿ ದುರಸ್ತಿಮಾಡುವ ಕ್ರಮದಿಂದ. ಈಚೆಗೆ ೨೦೧೯ರಲ್ಲಿ ಕೊಪ್ಪಳದ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳ ನೇತೃತ್ವದಲ್ಲಿ ಜನರು ಸೇರಿ ಹಿರೇಹಳ್ಳವನ್ನು ಶುಚಿಗೊಳಿಸಿದ ಕಾರ್ಯವು, ಅಂಥ ಸಾಮೂಹಿಕ ಶ್ರಮವು ಈ ನಾಡಿನಿಂದ ಮರೆಯಾಗಿಲ್ಲವೆಂಬುದನ್ನು ತೋರಿಸಿಕೊಟ್ಟಿತು. ಆದರೆ ಹಳ್ಳವನ್ನು ಒಂದು ಸಲ ಶುಚಿಮಾಡುವ ಉತ್ಸಾಹವು ಬೇರೆ. ಹತ್ತನೆಯ ವರ್ಷದಲ್ಲಿ ಜಲ್ಲಿಯನ್ನು ತೊಳೆಯುವ ತಾಳ್ಮೆಯು ಬೇರೆ. ಊರಿನ ಚರಂಡಿಯು ಹಳ್ಳಕ್ಕೆ ಬೀಳುವುದು ನಿಲ್ಲದ ವರೆಗೆ ಮೊದಲನೆಯದರ ಫಲವು ಉಳಿಯಬೇಕಾದರೆ ಎರಡನೆಯದು ಬೇಕೇ ಬೇಕು.

೮. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಮೂರು ಸಂಗತಿಗಳು ನಿಷ್ಪನ್ನವಾಗುತ್ತವೆ. ಒಂದು, ಶೋಧಕದ್ರವ್ಯದ ಯೋಗ್ಯತೆಯನ್ನು ಅದರ ಹೆಸರಿನಿಂದಲ್ಲ, ಗಾತ್ರ, ಸಮತೆ, ಶುಚಿತ್ವಗಳಿಂದ ಅಳೆಯಬೇಕು. ಎರಡು, ಈ ಸೀಮೆಯ ಗ್ರಾನೈಟಿನ ಜಲ್ಲಿಯು ಪಾತಿಯ ಮೈಗೆ ಸಾಕಷ್ಟು ಯೋಗ್ಯವಾದುದು. ಕಿಟ್ಟ, ಇದ್ದಿಲು, ಇಟ್ಟಿಗೆಗಳು ಸಹಾಯಕಗಳು, ಎರೆಮಣ್ಣು ತ್ಯಾಜ್ಯ. ಮೂರು, ಯಾವ ದ್ರವ್ಯವೂ ಶಾಶ್ವತವಲ್ಲವಾದುದರಿಂದ ಪಾತಿಯನ್ನು ಕಟ್ಟುವ ಅಂದಾಜುಪಟ್ಟಿಯಲ್ಲಿಯೇ ಅದನ್ನು ತೊಳೆಯುವ, ಬದಲಾಯಿಸುವ ವೆಚ್ಚವನ್ನೂ ಸೇರಿಸಬೇಕು.

ಕೊನೆಯದಾಗಿ ಒಂದು ಸೂಚನೆ. ಹಿಂದಿನವರು ಕೆರೆಯ ಏರಿಯ ಮೇಲೆ ಶಾಸನವನ್ನು ನಿಲ್ಲಿಸಿ, ಯಾವ ಭೂಮಿಯ ಆದಾಯದಿಂದ ಅದರ ರಕ್ಷಣೆಯಾಗತಕ್ಕದ್ದೆಂಬುದನ್ನು ಎಲ್ಲರಿಗೂ ಕಾಣುವಂತೆ ಕೆತ್ತಿಸುತ್ತಿದ್ದರು. ಅದರಂತೆ ಪ್ರತಿಯೊಂದು ಜೌಗುಪಾತಿಯ ಬದಿಯಲ್ಲಿಯೂ ಒಂದು ಕಲ್ಲನ್ನು ನೆಟ್ಟು, ಅದರ ಮೇಲೆ ಯಾವ ಗಣಿಯ ಜಲ್ಲಿ, ಯಾವ ಗಾತ್ರದ್ದು, ಯಾವ ತಿಂಗಳಲ್ಲಿ ತುಂಬಿದ್ದು, ಮುಂದೆ ಯಾವ ವರ್ಷ ತೊಳೆಯತಕ್ಕದ್ದು, ಅದಕ್ಕೆ ಹಣವು ಯಾವ ಬಾಬಿನಿಂದ ಎಂಬುದನ್ನು ಕೆತ್ತಿಸಿದರೆ ಮುಂದಿನವರಿಗೆ ಮಹೋಪಕಾರವಾಗುವುದು.